ಬೋರ್ ಮಾಡಿಸಿದ ಎಂಜಿನ್ ಅಂಗಳದಲ್ಲಿ ಪಳಗುವುದಿಲ್ಲ

ಸಂಪಾದಕರಿಗೆ,

ಮಾನ್ಯರೇ,

ಮುಂಗಾರಿಗೆ ಮುಂಚೆ ಗಾಡಿ ರೆಡಿಯಾಗಬೇಕೆಂದು ದಾವಣಗೆರೆಯ ಪಿ.ಬಿ. ರಸ್ತೆಯಿಂದ ಹಿಡಿದು ಜಗಳೂರು, ಚಳ್ಳಕೆರೆ, ಹೊಳಲ್ಕೆರೆಯ ಗ್ಯಾರೇಜುಗಳವರೆಗೆ ಬೇಸಿಗೆ ಪೂರ್ತಿ ಹಳೆಯ ಟ್ರ್ಯಾಕ್ಟರುಗಳ ಎಂಜಿನ್ ಬಿಚ್ಚುವ ಕೆಲಸ ನಡೆಯುತ್ತದೆ. ಇಪ್ಪತ್ತು ಮೂವತ್ತು ವರ್ಷ ದುಡಿದ ಮ್ಯಾಸ್ಸಿ 1035, ಮಹೀಂದ್ರ ಬಿ-275, ಎಚ್‌ಎಂಟಿ 2511, ಫೋರ್ಡ್ 3600 ಇಂಥವಕ್ಕೆ ಹೊಸ ಲೈನರ್, ಪಿಸ್ಟನ್, ರಿಂಗ್, ಬೇರಿಂಗ್ ಬೀಳುತ್ತವೆ; ಇದಕ್ಕೇ ಎಂಜಿನ್ ಬೋರ್ ಮಾಡಿಸುವುದು ಎನ್ನುತ್ತಾರೆ. ದುಡ್ಡು ಎಣಿಸಿಕೊಟ್ಟು ರೈತ ಗಾಡಿ ಹತ್ತುವಾಗ ಅವನ ಕಿವಿಗೆ ಬೀಳುವ ಮಾತು ಮಾತ್ರ ಎಲ್ಲ ಕಡೆಯೂ ಒಂದೇ: "ಹೊಸ ಬೋರು ಅಣ್ಣ, ಎರಡು ದಿನ ಸ್ಲೋನಲ್ಲಿ ಬಿಡಿ. ಒಂದು ವಾರ ಲೋಡ್ ಹಾಕಬೇಡಿ." ಅಣ್ಣ ಹಾಗೇ ಮಾಡುತ್ತಾನೆ. ಮನೆ ಮುಂದೆ ಬೆಳಿಗ್ಗೆಯಿಂದ ಸಂಜೆವರೆಗೆ ಗಾಡಿ ಗುಟುಗುಟು ಎನ್ನುತ್ತ ನಿಂತಿರುತ್ತದೆ. ಮುಂದಿನ ಬೇಸಿಗೆಗೆ ಅದೇ ಎಂಜಿನ್ ನೀಲಿ ಹೊಗೆ ಬಿಡುತ್ತ, ಆಯಿಲ್ ತಿನ್ನುತ್ತ ವಾಪಸು ಬಂದರೆ ಬೈಗುಳ ಈ ಸಾಮಾನಿನ ಕಿಟ್ ಮಾಡಿದ ಕಂಪನಿಗೆ. ಕಿಟ್ ಸರಿಯಾಗಿಯೇ ಇತ್ತು. ಕೆಡಿಸಿದ್ದು ಆ ಎರಡು ದಿನದ ಸ್ಲೋ.

ಕಾರಣ ಲೈನರಿನ, ಅಂದರೆ ಪಿಸ್ಟನ್ ಆಡುವ ಕೊಳವೆಯ, ಒಳಮೈಯಲ್ಲಿದೆ. ಅದನ್ನು ಉಜ್ಜುವ ಹೋನಿಂಗ್ ಕಲ್ಲು ತಿರುಗುತ್ತ ಮೇಲೆ ಕೆಳಗೆ ಆಡಿದಾಗ ಅಡ್ಡಡ್ಡ ಗೀರುಗಳು ಒಂದನ್ನೊಂದು ಕತ್ತರಿಸಿಕೊಂಡು ಬೀಳುತ್ತವೆ. ಗೀರಿನ ತಗ್ಗಿನಲ್ಲಿ ಆಯಿಲ್ ನಿಲ್ಲುತ್ತದೆ. ಎರಡು ಗೀರುಗಳ ನಡುವಿನ ಏಣು ಪಿಸ್ಟನ್ ಸುತ್ತಲಿನ ರಿಂಗಿನ ಅಂಚನ್ನು ಉಜ್ಜುತ್ತದೆ. ಏಣೂ ಸವೆದು, ರಿಂಗಿನ ಅಂಚೂ ಸವೆದು, ಎರಡೂ ಸುತ್ತಲೂ ಒಂದೇ ಸಮನೆ ಕೂತಾಗ ಕಂಪ್ರೆಷನ್ ಬಿಗಿಯಾಗುತ್ತದೆ. ಈ ಉಜ್ಜಾಟಕ್ಕೆ ರಿಂಗನ್ನು ಲೈನರಿಗೆ ಒತ್ತುವ ಬಲ ಬೇಕು. ರಿಂಗಿನ ಸ್ವಂತ ಸ್ಪ್ರಿಂಗ್ ಬಲ ಅದಕ್ಕೆ ಸಾಲದು. ಡೀಸೆಲ್ ಉರಿದಾಗ ಹುಟ್ಟುವ ಗ್ಯಾಸ್ ರಿಂಗಿನ ಮೇಲಿನ ಸಂದಿಯಿಂದ ಗ್ರೂವಿನೊಳಕ್ಕೆ ನುಗ್ಗಿ, ರಿಂಗಿನ ಬೆನ್ನ ಹಿಂದೆ ಸೇರಿ ಅದನ್ನು ಹೊರಕ್ಕೆ ಒತ್ತುತ್ತದೆ. ಲೋಡ್ ಹೆಚ್ಚಿದಷ್ಟೂ ಡೀಸೆಲ್ ಹೆಚ್ಚು, ಗ್ಯಾಸ್ ಹೆಚ್ಚು, ಒತ್ತಡ ಹೆಚ್ಚು. ಖಾಲಿ ನಿಂತ ಗಾಡಿಯಲ್ಲಿ ಉರಿಯುವ ಡೀಸೆಲ್ ಎಂಜಿನ್ ತನ್ನನ್ನು ತಾನು ತಿರುಗಿಸಿಕೊಳ್ಳುವುದಕ್ಕೆ ಬೇಕಾದಷ್ಟೇ. ಆಗ ರಿಂಗು ಆಯಿಲ್ ಮೇಲೆ ಜಾರಿಕೊಂಡು ಹೋಗುತ್ತದೆ, ಲೈನರನ್ನು ಕಚ್ಚುವುದಿಲ್ಲ.

ಕಚ್ಚದೆ ಹೋದರೆ ರಿಂಗಿನ ಮೇಲೆ ಉಳಿದ ಆಯಿಲ್ ಪ್ರತಿ ಉರಿಗೂ ಸ್ವಲ್ಪ ಸ್ವಲ್ಪ ಸುಟ್ಟು, ವಾರ್ನಿಷ್ ಬಳಿದ ಹಾಗೆ ಲೈನರಿಗೆ ಅಂಟುತ್ತದೆ. ಗೀರುಗಳ ತಗ್ಗು ತುಂಬಿ ಲೈನರ್ ಕನ್ನಡಿಯಂತೆ ಹೊಳೆಯತೊಡಗುತ್ತದೆ. ಇದೇ ಗ್ಲೇಜಿಂಗ್. ಹೆಡ್ ಬಿಚ್ಚಿ ನೋಡಿದಾಗ ಈ ಹೊಳಪು ಕಂಡು "ಬೋರ್ ಎಷ್ಟು ಚೆನ್ನಾಗಿದೆ ನೋಡಿ" ಎನ್ನುವವರಿದ್ದಾರೆ! ಅಂಥ ಲೈನರಿನಲ್ಲಿ ರಿಂಗ್ ಇನ್ನು ಕೂರುವುದು ಕಷ್ಟ. ಜೊತೆಗೆ ತಣ್ಣನೆಯ ಸಿಲಿಂಡರಿನಲ್ಲಿ ಡೀಸೆಲ್ ಪೂರ್ತಿ ಉರಿಯದೆ ಲೈನರ್ ಮೇಲಿನ ಆಯಿಲನ್ನು ತೊಳೆದುಕೊಂಡು ಎಂಜಿನ್ ತಳದ ಆಯಿಲ್ ತೊಟ್ಟಿಗೆ, ಅಂದರೆ ಸಂಪ್‌ಗೆ ಇಳಿಯುತ್ತದೆ. ಅಲ್ಲಿ ಆಯಿಲ್ ತೆಳುವಾಗುತ್ತದೆ. ಸೈಲೆನ್ಸರ್ ಜಾಯಿಂಟಿನಲ್ಲಿ ಕಪ್ಪು ಜಿಡ್ಡು ಒಸರುತ್ತಿದ್ದರೆ ಗಾಡಿ ಬಹಳ ಹೊತ್ತು ಖಾಲಿ ಓಡಿದೆ ಎಂದೇ ತಿಳಿಯಬೇಕು. ಏಣುಗಳು ಚೂಪಾಗಿರುವುದು ಮೊದಲ ಕೆಲವು ಗಂಟೆ ಮಾತ್ರ. ಆ ಗಂಟೆಗಳನ್ನು ಅಂಗಳದಲ್ಲಿ ಕಳೆದರೆ ಮತ್ತೆ ಸಿಗುವುದಿಲ್ಲ.

ಹಾಗೆಂದು ಗ್ಯಾರೇಜಿನಿಂದ ನೇರವಾಗಿ ಭದ್ರಾ ನಾಲೆಯ ಗದ್ದೆಗೆ ಕೇಜ್ ವೀಲ್ (ಕೆಸರಿಗೆ ಹಾಕುವ ಕಬ್ಬಿಣದ ಚಕ್ರ) ಹಾಕಿ ಇಳಿಸುವುದೂ ತಪ್ಪು. ಕೆಸರು ಉಳುಮೆಯಲ್ಲಿ ಗಾಡಿಗೆ ಬಿಡುವಿಲ್ಲ. ಗಂಟೆಗಟ್ಟಲೆ ಪೂರ್ತಿ ಲೋಡು, ರೇಡಿಯೇಟರ್ ಜಾಲಿಗೆ ಕೆಸರು. ಏಣುಗಳ ಉಜ್ಜಾಟದಿಂದ ಹೊಸ ರಿಂಗ್ ಹಳೆಯದಕ್ಕಿಂತ ಹೆಚ್ಚು ಬಿಸಿಯಾಗುತ್ತದೆ. ಆ ಬಿಸಿ ಆರಲು ಪುರುಸೊತ್ತು ಸಿಗದಿದ್ದರೆ ಪಿಸ್ಟನ್ ಊದಿ ಲೈನರನ್ನು ಹಿಡಿಯುತ್ತದೆ, ಪಿಸ್ಟನ್ ಕೆಳಭಾಗದ ಸ್ಕರ್ಟಿನ ಮೇಲೆ ಉದ್ದುದ್ದ ಗೆರೆ ಬೀಳುತ್ತವೆ. ಹೊಸ ಎಂಜಿನ್‌ಗೆ ಬೇಕಾದದ್ದು ಏರಿಳಿತದ ಲೋಡು. ಸ್ವಲ್ಪ ಹೊತ್ತು ಗಟ್ಟಿಯಾಗಿ ಎಳೆಯಬೇಕು, ಆಮೇಲೆ ಹಗುರವಾಗಬೇಕು, ಮತ್ತೆ ಎಳೆಯಬೇಕು.

ಅದಕ್ಕೂ ಮೊದಲು ಎಂಜಿನ್ ಕೂಡಿಸುವಾಗಲೇ ನೋಡಬೇಕಾದ ಕೆಲವು ಸಂಗತಿಗಳಿವೆ. ಕೂಡಿಸುವಾಗ ತಪ್ಪಿದ್ದನ್ನು ಓಡಿಸಿ ಸರಿಮಾಡಲು ಬರುವುದಿಲ್ಲ. ಒಂದು ಕಾಲಕ್ಕೆ ಹರಿಹರದ ಮೈಸೂರು ಕಿರ್ಲೋಸ್ಕರ್ ಲೇತ್ ದೇಶಕ್ಕೆಲ್ಲ ಹೋಗುತ್ತಿದ್ದ ಸೀಮೆ ಇದು; ಬೋರಿಂಗ್, ಗ್ರೈಂಡಿಂಗ್ ಬಲ್ಲ ಕೈಗಳಿಗೆ ಇಲ್ಲಿ ಬರವಿಲ್ಲ. ಬರ ಇರುವುದು ಸೋಪಿನ ನೀರಿಗೆ. ಹೋನಿಂಗ್ ಆದ ಮೇಲೆ ಲೈನರನ್ನು ಡೀಸೆಲ್ಲಿನಲ್ಲೋ ಸೀಮೆಎಣ್ಣೆಯಲ್ಲೋ ಒರೆಸಿ ಪಿಸ್ಟನ್ ಇಳಿಸಿಬಿಡುತ್ತಾರೆ. ಕಲ್ಲಿನ ಪುಡಿ ಗೀರಿನೊಳಗೆ ಕೂತಿರುತ್ತದೆ, ಡೀಸೆಲ್ ಅದನ್ನು ಎಬ್ಬಿಸುವುದಿಲ್ಲ. ಬಿಸಿನೀರಿಗೆ ಬಟ್ಟೆ ಸೋಪಿನ ಪುಡಿ ಹಾಕಿ ಬ್ರಷ್‌ನಿಂದ ತಿಕ್ಕಿ ತೊಳೆಯಬೇಕು, ಒಣಗಿಸಬೇಕು, ಕೂಡಲೇ ತೆಳ್ಳಗೆ ಎಂಜಿನ್ ಆಯಿಲ್ ಹಚ್ಚಿ ಬಿಳಿ ಬನಿಯನ್ ಬಟ್ಟೆಯಲ್ಲಿ ಒರೆಸಬೇಕು. ಬಟ್ಟೆಗೆ ಬೂದುಬಣ್ಣ ಹತ್ತಿದರೆ ಮತ್ತೆ ಸೋಪು. ಬಟ್ಟೆ ಬೆಳ್ಳಗೇ ಉಳಿಯುವವರೆಗೆ ಪಿಸ್ಟನ್ ಮುಟ್ಟಬಾರದು. ಆ ಪುಡಿ ಒಳಗೇ ಉಳಿದರೆ ರಿಂಗು, ಲೈನರು, ಬೇರಿಂಗು ಮೂರನ್ನೂ ಅರೆಯುತ್ತದೆ.

ಪಿಸ್ಟನ್‌ಗಳ ಓಟದಿಂದ ತಿರುಗುವ ಕ್ರ್ಯಾಂಕ್ ದಂಡಕ್ಕೆ ಗ್ರೈಂಡಿಂಗ್ ಮಾಡಿಸಿದ್ದರೆ ಆಯಿಲ್ ದಾರಿಯ ಪ್ಲಗ್ಗುಗಳನ್ನು ಬಿಚ್ಚಿಸಿ, ತೂತುಗಳಿಗೆ ಉದ್ದನೆಯ ಬ್ರಷ್ ಹಾಕಿ ತೊಳೆದು, ಗಾಳಿ ಹೊಡೆಸಬೇಕು. ಗ್ರೈಂಡಿಂಗ್ ಪುಡಿಯೂ ಹತ್ತಾರು ವರ್ಷದ ಹಳೆಯ ಮಡ್ಡಿಯೂ ಆ ಪ್ಲಗ್ಗಿನ ಹಿಂದೆಯೇ ಕೂತಿರುತ್ತವೆ. ಗ್ರೈಂಡ್ ಆದ ಕ್ರ್ಯಾಂಕಿಗೆ ತಕ್ಕ 10 ಸೈಜ್, 20 ಸೈಜ್ ಹೊಸ ಬೇರಿಂಗ್ ಹಾಕಿದ ದಿನವೇ ಆ ಕಸ ಹೊರಬಂದರೆ ಬೇರಿಂಗ್ ಮೊದಲ ಗಂಟೆಯಲ್ಲೇ ಮುಗಿಯುತ್ತದೆ. ಮೇನ್ ಬೇರಿಂಗಿನ ಒಂದೊಂದು ಕ್ಯಾಪ್ ಬಿಗಿ ಮಾಡಿದ ಮೇಲೂ ಕ್ರ್ಯಾಂಕನ್ನು ಕೈಯಿಂದ ತಿರುಗಿಸಿ ನೋಡಿ. ಯಾವ ಕ್ಯಾಪಿಗೆ ಬಿಗಿದುಕೊಂಡಿತೋ ತಕರಾರು ಅಲ್ಲಿದೆ. ಎಲ್ಲ ಕೂಡಿಸಿದ ಮೇಲೆ "ಹೊಸ ಎಂಜಿನ್ ಅಲ್ವಾ, ಟೈಟ್ ಇರುತ್ತೆ" ಎಂದು ಇನ್ನೊಂದು ಗಾಡಿಗೆ ಕಟ್ಟಿ ಎಳೆಸಿ ಸ್ಟಾರ್ಟ್ ಮಾಡುವ ಪದ್ಧತಿ ತೀರಾ ಕೆಟ್ಟದ್ದು. ಒಳ್ಳೆಯ ಬ್ಯಾಟರಿ, ಒಳ್ಳೆಯ ಸ್ಟಾರ್ಟರ್ ತಿರುಗಿಸಲಾರದ ಎಂಜಿನ್‌ನಲ್ಲಿ ಎಲ್ಲೋ ಅಳತೆ ತಪ್ಪಿದೆ. ಎಳೆಸಿದರೆ ಆಯಿಲ್ ಬೇರಿಂಗಿಗೆ ಮುಟ್ಟುವ ಮೊದಲೇ ಕ್ರ್ಯಾಂಕ್ ಒಣಗಿಕೊಂಡೇ ಜೋರಾಗಿ ತಿರುಗುತ್ತದೆ.

ರಿಂಗನ್ನು ಪಿಸ್ಟನ್‌ಗೆ ಹಾಕುವ ಮೊದಲು ಬರೀ ರಿಂಗನ್ನು ಲೈನರಿಗೆ ಇಳಿಸಿ, ಪಿಸ್ಟನ್ ತಲೆಯಿಂದ ನೆಟ್ಟಗೆ ತಳ್ಳಿ, ಅದರ ಎರಡು ತುದಿಗಳ ನಡುವಿನ ಬಾಯಿ ಸಂದಿಯನ್ನು ಫೀಲರ್ ಗೇಜಿನಲ್ಲಿ ಅಳೆಯಿರಿ. ಬೋರಿನ ಪ್ರತಿ ಇಂಚಿಗೆ 3ರಿಂದ 4 ಥೌ (ಇಂಚಿನ ಸಾವಿರದ ಒಂದು ಭಾಗ ಒಂದು ಥೌ) ಎಂಬುದು ಹಳೆಯ ಲೆಕ್ಕ; ಮೂರೂವರೆ ಇಂಚಿನ ಬೋರಿಗೆ ಹತ್ತೂವರೆಯಿಂದ 14 ಥೌ ಬರುತ್ತದೆ. ಗಾಡಿಯ ಪುಸ್ತಕದಲ್ಲಿ ಬೇರೆ ಅಳತೆ ಇದ್ದರೆ ಪುಸ್ತಕದ್ದೇ ಸರಿ. ಸಂದಿ ತೀರಾ ಕಡಿಮೆಯಾದರೆ ಬಿಸಿಗೆ ರಿಂಗಿನ ಎರಡು ತುದಿ ಒಂದಕ್ಕೊಂದು ತಾಗಿ ಲೈನರನ್ನು ಗೀರುತ್ತವೆ, ಕೆಲವೊಮ್ಮೆ ರಿಂಗೇ ಮುರಿಯುತ್ತದೆ. "ಟಾಪ್" ಎಂದು ಗುರುತಿರುವ ಮೈ ಮೇಲಕ್ಕೇ ಇರಬೇಕು. ಎರಡನೆಯ ರಿಂಗ್ ತಲೆಕೆಳಗಾದರೆ ಅದು ಆಯಿಲನ್ನು ಕೆರೆದು ಇಳಿಸುವ ಬದಲು ಮೇಲಕ್ಕೆ ಹತ್ತಿಸುತ್ತದೆ, ಎಷ್ಟೇ ಚೆನ್ನಾಗಿ ಪಳಗಿಸಿದರೂ ಹೊಗೆ ನಿಲ್ಲುವುದಿಲ್ಲ. ರಿಂಗುಗಳ ಬಾಯಿ ಒಂದೇ ಸಾಲಿಗೆ ಬರದಂತೆ ಸುತ್ತಲೂ ಹಂಚಿ ಹಾಕಬೇಕು. ರೆಡಿ ಹೋನಿಂಗ್ ಆಗಿ ಬಂದ ಲೈನರಿಗೆ ಎಮರಿ ಪೇಪರ್ ಹಿಡಿದು ಉದ್ದುದ್ದ ಉಜ್ಜುವ ಅಭ್ಯಾಸ ಕೆಲವರಿಗಿದೆ. ಉದ್ದ ಗೀರು ಆಯಿಲನ್ನು ಹಿಡಿಯುವುದಿಲ್ಲ. ಕಂಪ್ರೆಷನ್ ಸೋರಿಹೋಗಲು ದಾರಿ ಮಾಡಿಕೊಡುತ್ತದೆ. ನೀರು ನೇರವಾಗಿ ತಾಗುವ ವೆಟ್ ಲೈನರ್ ಆದರೆ ಸಂಪ್ ಮುಚ್ಚುವ ಮೊದಲು ಬ್ಲಾಕಿಗೆ ನೀರು ತುಂಬಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಲೈನರಿನ ಕೆಳಗೆ ಒಂದು ಹನಿ ಕಂಡರೂ ನೀರು ತಡೆಯುವ ರಬ್ಬರ್ ಓ-ರಿಂಗ್ ಕೂತಿಲ್ಲ.

ನಮ್ಮ ಕಡೆ ಬಯಲುಸೀಮೆಯ ಧೂಳು ಎಂಜಿನ್‌ಗೆ ದೊಡ್ಡ ಶತ್ರು. ಏರ್ ಕ್ಲೀನರಿನಿಂದ ಮ್ಯಾನಿಫೋಲ್ಡಿಗೆ ಹೋಗುವ ರಬ್ಬರ್ ಹೋಸ್ ಹಳೆಯದೇ ಉಳಿದಿದ್ದರೆ ಹೊಸ ಕಿಟ್ ಹಾಕಿದ್ದೂ ದಂಡ. ಆಯಿಲ್ ಬಾತ್ ಕ್ಲೀನರಿನ ಬಟ್ಟಲು ತೊಳೆದು, ಗುರುತಿನ ಮಟ್ಟಕ್ಕೆ ಹೊಸ ಆಯಿಲ್ ಹಾಕಿ. ಗಾಡಿ ಸ್ಟಾರ್ಟ್ ಆದ ಮೇಲೆ, ಸ್ಲೋನಲ್ಲಿದ್ದಾಗ, ಕ್ಲೀನರಿನ ಮೇಲಿನ ಟೋಪಿ ತೆಗೆದು ಗಾಳಿ ಎಳೆಯುವ ಬಾಯಿಯನ್ನು ಚಪ್ಪಟೆ ಹಲಗೆಯಿಂದ ಪೂರ್ತಿ ಮುಚ್ಚಿ. ಎಂಜಿನ್ ಆಫ್ ಆಗಲೇಬೇಕು. ಆಗದೆ ಓಡುತ್ತಿದ್ದರೆ ಎಲ್ಲೋ ಕಳ್ಳದಾರಿಯಲ್ಲಿ ಗಾಳಿ ಹೋಗುತ್ತಿದೆ, ಅದರ ಜೊತೆ ಧೂಳೂ ಹೋಗುತ್ತದೆ.

ಇನ್ನೊಂದು ಕೆಟ್ಟ ರೂಢಿ ಎಂಜಿನ್ ನೀರಿನ ಬಿಸಿಯನ್ನು ಹತೋಟಿಯಲ್ಲಿಡುವ ಥರ್ಮೋಸ್ಟಾಟ್ ಕಿತ್ತೆಸೆಯುವುದು. "ನಮ್ಮ ಬಿಸಿಲಿಗೆ ಇದ್ಯಾಕೆ" ಎಂಬ ತರ್ಕ. ಹೊರಗಿನ ಬಿಸಿಲು 40 ಡಿಗ್ರಿ ಇದ್ದರೂ ಎಂಜಿನ್ ನೀರು ಇರಬೇಕಾದದ್ದು 80ರಿಂದ 90ರ ನಡುವೆ. ಥರ್ಮೋಸ್ಟಾಟ್ ಇಲ್ಲದ ಗಾಡಿ ಹಗುರ ಕೆಲಸದಲ್ಲಿ ಆ ಬಿಸಿಗೆ ಏರುವುದೇ ಇಲ್ಲ. ಏರದಿದ್ದರೆ ರಿಂಗ್ ಕೂರುವುದೂ ತಡ, ಆಯಿಲಿನಲ್ಲಿ ಮಡ್ಡಿಯೂ ಹೆಚ್ಚು. ಗಾಡಿ ಬಿಸಿಯಾಗುತ್ತದೆ ಎಂದರೆ ರೇಡಿಯೇಟರನ್ನು ರಾಡಿಂಗ್ ಮಾಡಿಸಿ, ಫ್ಯಾನ್ ಬೆಲ್ಟ್ ನೋಡಿ, ವಾಟರ್ ಪಂಪ್ ನೋಡಿ.

ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ನಾಝಲ್‌ಗಳನ್ನು ಟೆಸ್ಟರಿಗೆ ಹಾಕಿಸದೆ ಹಳೆಯವನ್ನೇ ತಿರುಗಿ ಕೂರಿಸಬಾರದು. ಹನಿಯುವ ನಾಝಲ್ ಹೊಸ ಲೈನರಿನ ಆಯಿಲನ್ನೆಲ್ಲ ತೊಳೆದುಹಾಕುತ್ತದೆ. ಒಂದು ಸಿಲಿಂಡರ್ ಮಾತ್ರ ಕೆಟ್ಟಿರುವ ಎಂಜಿನ್‌ಗಳಲ್ಲಿ ಮೊದಲು ನೋಡಬೇಕಾದದ್ದು ಇದನ್ನೇ.

ಮೊದಲ ಸ್ಟಾರ್ಟ್. ಹೊಸ ಆಯಿಲ್ ಫಿಲ್ಟರಿಗೆ ಆಯಿಲ್ ತುಂಬಿಸಿಯೇ ಹಾಕಿ. ಸ್ಟಾಪ್ ಎಳೆದಿಟ್ಟು, ಡೀಸೆಲ್ ಬಿಡದೆ, ಸ್ಟಾರ್ಟರನ್ನು ಹತ್ತು ಹದಿನೈದು ಸೆಕೆಂಡಿನಂತೆ ನಡುವೆ ಬಿಡುವು ಕೊಟ್ಟು ತಿರುಗಿಸಿ. ಆಯಿಲ್ ಪ್ರೆಷರ್ ಮುಳ್ಳು ಅಲುಗಿದ ಮೇಲೆಯೇ ಡೀಸೆಲ್. ಹಳೆಯ ಗಾಡಿಗಳಲ್ಲಿ ಈ ಗೇಜ್ ಸತ್ತು ವರ್ಷಗಳಾಗಿರುತ್ತದೆ. ಎಂಜಿನ್‌ಗೆ ಅಷ್ಟು ದುಡ್ಡು ಸುರಿದವರು ಆಯಿಲ್ ಪೈಪಿನಿಂದ ನೇರ ನಡೆಯುವ ಒಂದು ಹೊಸ ಗೇಜಿಗೆ ಹಿಂದೆಮುಂದೆ ನೋಡಬಾರದು. ಆಮೇಲೆ ಡೀಸೆಲ್ ಲೈನಿನ ಗಾಳಿ ತೆಗೆಯಬೇಕು: ಮೊದಲು ಫಿಲ್ಟರಿನ ಸ್ಕ್ರೂ, ನಂತರ ಪಂಪಿನದು, ಕೊನೆಗೆ ನಾಝಲ್ ಪೈಪಿನ ನಟ್ಟು. ಫಿಲ್ಟರಿನಲ್ಲೂ ಪಂಪಿನಲ್ಲೂ ಗುಳ್ಳೆ ನಿಂತು ಬರೀ ಡೀಸೆಲ್ ಬರುವವರೆಗೆ ಕೈಪಂಪ್ ಹೊಡೆಯಿರಿ; ನಾಝಲ್ ಪೈಪಿನ ಗಾಳಿ ಸ್ಟಾರ್ಟರ್ ತಿರುಗಿಸಿದಾಗಲೇ ಹೋಗುವುದು. ಕೈಪಂಪಿನ ಕೆಲಸವನ್ನು ಎಂಜಿನ್ ಹತ್ತಿಸುವ ಮೊದಲೇ ಮುಗಿಸಿದರೆ ಸ್ಟಾರ್ಟರನ್ನು ಸುಮ್ಮನೆ ಸತಾಯಿಸುವುದು ತಪ್ಪುತ್ತದೆ.

ಹತ್ತಿಕೊಂಡ ಕೂಡಲೇ ಹ್ಯಾಂಡ್ ಆಕ್ಸಿಲರೇಟರನ್ನು 1000ದಿಂದ 1200 ಆರ್‌ಪಿಎಂಗೆ ಏರಿಸಿ, ಸ್ಲೋಗೆ ಬಿಡಬೇಡಿ. ಆ ವೇಗದಲ್ಲಿ ಆಯಿಲ್ ಪಂಪ್ ಚೆನ್ನಾಗಿ ಎಸೆಯುತ್ತದೆ, ಕ್ಯಾಮಿಗೂ ರಾಕರಿಗೂ ಆಯಿಲ್ ತಲುಪುತ್ತದೆ. ರಾಕರ್ ಕವರ್ ತೆಗೆದಿಟ್ಟು ಪ್ರತಿ ರಾಕರಿಗೂ ಆಯಿಲ್ ಬರುತ್ತಿದೆಯೇ ಕಣ್ಣಲ್ಲೇ ನೋಡಿ. ಹತ್ತು ಹದಿನೈದು ನಿಮಿಷದಲ್ಲಿ ನೀರು ಬಿಸಿಯಾಗುತ್ತದೆ. ಅಷ್ಟರಲ್ಲಿ ಸಂಪ್, ಟೈಮಿಂಗ್ ಕವರ್, ಹಿಂದಿನ ಸೀಲ್, ನೀರಿನ ಹೋಸ್ ಎಲ್ಲ ಕಡೆ ಸೋರಿಕೆ ನೋಡಿಕೊಂಡುಬಿಡಿ. ಬಿಸಿಯಾದ ಮೇಲೆ ಸ್ಲೋನಲ್ಲಿ ಆಯಿಲ್ ಪ್ರೆಷರ್ (ಚದರ ಸೆಂಟಿಮೀಟರಿಗೆ) ಒಂದು ಕೆಜಿಗಿಂತ ಕೆಳಗಿಳಿಯಬಾರದು. ಕೆಲಸದ ವೇಗದಲ್ಲಿ ಸಾಮಾನ್ಯವಾಗಿ ಎರಡೂವರೆಯಿಂದ ನಾಲ್ಕು ಕೆಜಿ ಇರುತ್ತದೆ.

ಹೆಡ್ ನಟ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡುವುದನ್ನು ಯಾರೂ ಮರೆಯಬಾರದು. ಬಿಸಿ ತಾಗಿದ ಗ್ಯಾಸ್ಕೆಟ್ ಕುಗ್ಗುತ್ತದೆ, ನಟ್ಟು ಸಡಿಲವಾಗುತ್ತದೆ. ಬಿಸಿಯಲ್ಲಿ ಬಿಗಿ ಮಾಡಬೇಕೋ ತಣ್ಣಗಾದ ಮೇಲೋ ಎಂಬುದು ಗ್ಯಾಸ್ಕೆಟ್ ಮೇಲೆ ನಿಂತಿದೆ, ಅದರ ಪ್ಯಾಕೆಟ್ಟನ್ನೋ ಗಾಡಿಯ ಪುಸ್ತಕವನ್ನೋ ನೋಡಿ. ನಡುವಿನಿಂದ ಶುರುಮಾಡಿ ಹೊರಕ್ಕೆ ಹೋಗಬೇಕು. ಒಂದು ಸಲಕ್ಕೆ ಒಂದೇ ನಟ್ಟನ್ನು ಕೊಂಚ ಸಡಿಲಿಸಿ ಟಾರ್ಕ್ ರೆಂಚಿನಲ್ಲಿ ಅಳತೆಗೆ ಬಿಗಿಯುವುದು ಕ್ರಮ. ಪಾನಾಕ್ಕೆ ಪೈಪ್ ಸಿಕ್ಕಿಸಿ ಅಂದಾಜಿನಲ್ಲಿ ಬಿಗಿದರೆ ಒಂದು ನಟ್ಟಿನ ಬಿಗಿತ 8 ಕೆಜಿ-ಮೀಟರ್, ಪಕ್ಕದ್ದು 12 ಕೆಜಿ-ಮೀಟರ್ ಆಗಿ ಹೆಡ್ ಸೊಟ್ಟಗಾಗುತ್ತದೆ. ಹೆಡ್ ಕೆಳಗೆ ಕೂತಷ್ಟೂ ಟ್ಯಾಪೆಟ್ ಸಂದಿ, ಅಂದರೆ ವಾಲ್ವಿಗೂ ಅದನ್ನು ಒತ್ತುವ ರಾಕರಿಗೂ ನಡುವಿನ ಸಂದಿ, ಕಡಿಮೆಯಾಗುತ್ತದೆ. ಆದ್ದರಿಂದ ನಟ್ಟು ಬಿಗಿ ಮಾಡಿದ ಮೇಲೆ ಟ್ಯಾಪೆಟ್ ಮತ್ತೆ ಹಾಕಲೇಬೇಕು. ಪರ್ಕಿನ್ಸ್ ಮಾದರಿಯ ಮೂರು ಸಿಲಿಂಡರ್ ಎಂಜಿನ್‌ನಲ್ಲಿ ಈ ಸಂದಿ ತಣ್ಣಗಿದ್ದಾಗ 12 ಥೌ, ಬಿಸಿಯಿದ್ದಾಗ 10 ಥೌ. ಬೇರೆ ಗಾಡಿಗಳಿಗೆ ಅವವುಗಳ ಅಳತೆ. ಸಂದಿಯೇ ಇಲ್ಲದಿದ್ದರೆ ವಾಲ್ವ್ ಪೂರ್ತಿ ಮುಚ್ಚದೆ ಅಂಚು ಸುಡುತ್ತದೆ.

ಇಷ್ಟಾದ ಮೇಲೆ ಗಾಡಿಯನ್ನು ಹೊಲಕ್ಕೆ ಕೊಂಡುಹೋಗಿ, ಅದೇ ದಿನ. ಒಂದು ಮಳೆ ಬಿದ್ದು ಹದವಾದ ಕೆಂಪು ಮಸಾರಿ, ಒಂಬತ್ತು ಹಲ್ಲಿನ ಕಲ್ಟಿವೇಟರ್, ನಾಲ್ಕೈದು ಇಂಚು ಆಳ: 35 ಎಚ್‌ಪಿ ಗಾಡಿಯನ್ನು ಪಳಗಿಸಲು ಇದಕ್ಕಿಂತ ಒಳ್ಳೆಯ ಕೆಲಸ ಸಿಗುವುದಿಲ್ಲ. ಸಾಲಿನಲ್ಲಿ ಎಂಜಿನ್ ಎಳೆಯುತ್ತದೆ, ಬದುವಿನಲ್ಲಿ ತಿರುಗಿಸುವಾಗ ತಾನಾಗಿ ಹಗುರವಾಗುತ್ತದೆ. ಬೇಕಾದ ಏರಿಳಿತ ಹೊಲದಲ್ಲೇ ಇದೆ. ಆರ್‌ಪಿಎಂ ಮೀಟರಿನಲ್ಲಿ 540 ಪಿಟಿಒ (ಯಂತ್ರಗಳನ್ನು ತಿರುಗಿಸುವ ಹಿಂದಿನ ಶಾಫ್ಟ್) ಗುರುತಿನ ಆಸುಪಾಸು ವೇಗ ಇಟ್ಟು, ಆ ವೇಗ ಬೀಳದ ಗೇರ್ ಆರಿಸಿ. ಮೊದಲ ಎರಡು ಗಂಟೆ ಅರ್ಧ ಲೋಡು ಸಾಕು. ಆಮೇಲೆ ಮುಕ್ಕಾಲಿಗೆ ಏರಿಸಿ. ಗಂಟೆಗೆ ಎರಡು ಮೂರು ಸಲ, ನಾಲ್ಕೈದು ನಿಮಿಷ, ಹಲ್ಲು ಇನ್ನೊಂದಿಷ್ಟು ಆಳಕ್ಕಿಳಿಸಿ ಎಂಜಿನ್ ನಿಜವಾಗಿ ದುಡಿಯುವಂತೆ ಮಾಡಿ, ಆಮೇಲೆ ಎತ್ತಿ ಎರಡು ಮೂರು ನಿಮಿಷ ಹಗುರವಾಗಿ ಓಡಿಸಿ. ರಿಂಗ್ ಕೂರುವುದು ಆ ನಾಲ್ಕೈದು ನಿಮಿಷಗಳಲ್ಲೇ.

ಗಟ್ಟಿಯಾಗಿ ಎಳೆಯುವುದೂ ಬೇರೆ, ಏದುವುದೂ ಬೇರೆ. ಆಕ್ಸಿಲರೇಟರ್ ಒತ್ತಿದರೂ ವೇಗ ಏರದೆ, ಕಪ್ಪು ಹೊಗೆ ಬಿಟ್ಟು ಎಂಜಿನ್ ಗುದ್ದಿಕೊಳ್ಳುತ್ತಿದ್ದರೆ ಗೇರ್ ಹೆಚ್ಚಾಗಿದೆ. ಕೆಳಗಿನ ಗೇರಿಗೆ ಬನ್ನಿ. ವೇಗ ಕಡಿಮೆ, ಲೋಡ್ ಪೂರ್ತಿ ಎಂಬ ಸ್ಥಿತಿಯಲ್ಲಿ ಆಯಿಲ್ ಪ್ರೆಷರ್ ಕಡಿಮೆ, ಬೇರಿಂಗ್ ಮೇಲಿನ ಹೊಡೆತ ಹೆಚ್ಚು. ಬೇಸಿಗೆಯಲ್ಲಿ ಬಿರುಕು ಬಿಟ್ಟ ಎರೆ ಭೂಮಿಗೆ ಮಣ್ಣು ಮಗುಚುವ ಎಂ.ಬಿ. ನೇಗಿಲು ಹಾಕಿ ಮಾಗಿ ಉಳುಮೆಯಿಂದಲೇ ಶುರುಮಾಡಿದರೆ ಈ ಸ್ಥಿತಿ ಖಂಡಿತ.

ಮಳೆ ಬಾರದಿದ್ದರೆ ಟ್ರೇಲರ್ ಇದೆ. ಅರ್ಧ ಲೋಡ್ ಮಣ್ಣೋ ಗೊಬ್ಬರವೋ ಹಾಕಿ, ಸಣ್ಣ ಸಣ್ಣ ಏರು ಇಳಿಜಾರಿರುವ ಹಳ್ಳಿ ರಸ್ತೆ ಹಿಡಿಯಿರಿ. ಚಿತ್ರದುರ್ಗದ ಸುತ್ತ ಅಂಥ ರಸ್ತೆಗೆ ಕೊರತೆಯಿಲ್ಲ. ಹೆದ್ದಾರಿಯಲ್ಲಿ ಖಾಲಿ ಟ್ರೇಲರ್ ಜೋಡಿಸಿ ಟಾಪ್ ಗೇರಿನಲ್ಲಿ ಊರಿಂದೂರಿಗೆ ತಿರುಗಿದರೆ ಎಂಜಿನ್‌ಗೆ ಅದೂ ಒಂದು ಬಗೆಯ ಐಡ್ಲಿಂಗೇ. ಮೆಕ್ಕೆಜೋಳ ಒಕ್ಕುವ ಮೆಷಿನ್ನಿಗೆ ಜೋಡಿಸುವುದು ಮೊದಲ ಹತ್ತು ಗಂಟೆಗೆ ಬೇಡ. ವೇಗ ಒಂದೇ ಸಮ, ಗಾಡಿ ನಿಂತಲ್ಲೇ ನಿಂತಿರುತ್ತದೆ, ಸುತ್ತ ಹೊಟ್ಟು ಹಾರಿ ರೇಡಿಯೇಟರಿಗೂ ಏರ್ ಕ್ಲೀನರಿಗೂ ತುಂಬುತ್ತದೆ.

ಈ ಹತ್ತು ಗಂಟೆಯಲ್ಲಿ ಎಲ್ಲೂ ಐದು ನಿಮಿಷಕ್ಕಿಂತ ಹೆಚ್ಚು ಸ್ಲೋನಲ್ಲಿ ಬಿಡಬೇಡಿ. ಬದುವಿನಲ್ಲಿ ಊಟಕ್ಕೆ ಕೂತರೆ ಆಫ್ ಮಾಡಿ. ಗಟ್ಟಿ ಕೆಲಸದಿಂದ ಬಂದ ಕೂಡಲೇ ಮಾತ್ರ ಎರಡು ಮೂರು ನಿಮಿಷ ಹಗುರವಾಗಿ ಓಡಿಸಿ ಆಮೇಲೆ ನಿಲ್ಲಿಸಿ. ಹತ್ತರಿಂದ ಐವತ್ತು ಗಂಟೆವರೆಗೆ ಎಲ್ಲ ಕೆಲಸವನ್ನೂ ಮಾಡಬಹುದು. ದಿನವಿಡೀ ಪೂರ್ತಿ ಲೋಡು ಬೇಡ. ಗದ್ದೆಗೆ ಇಳಿಸುವುದು ಇಪ್ಪತ್ತೈದು ಗಂಟೆಯಾದ ಮೇಲೆ. ಗಂಟೆಯ ಮೀಟರ್ ಓಡದ ಗಾಡಿಯೇ ಹೆಚ್ಚು, ಅಂಥವರು ಡೀಸೆಲ್ಲಿನಿಂದ ಲೆಕ್ಕ ಹಿಡಿಯಬಹುದು. 35 ಎಚ್‌ಪಿ ಗಾಡಿ ಮಧ್ಯಮ ಲೋಡಿನಲ್ಲಿ ಗಂಟೆಗೆ ಮೂರೂವರೆ, ನಾಲ್ಕು ಲೀಟರ್ ಕುಡಿಯುತ್ತದೆ. ತೊಂಬತ್ತರಿಂದ ನೂರು ಲೀಟರ್ ಖರ್ಚಾದರೆ ಇಪ್ಪತ್ತೈದು ಗಂಟೆ ಆಗಿದೆ ಎನ್ನಬಹುದು.

ಆಯಿಲ್ ವಿಷಯದಲ್ಲಿ ದುಬಾರಿಯದೇ ಒಳ್ಳೆಯದು ಎಂಬ ನಂಬಿಕೆ ಇಲ್ಲಿ ಕೆಲಸಕ್ಕೆ ಬಾರದು. ಪಳಗಿಸುವಾಗ ಸಿಂಥೆಟಿಕ್ ಬೇಡ. 15ಡಬ್ಲ್ಯೂ-40 ಅಥವಾ 20ಡಬ್ಲ್ಯೂ-40 ಮಿನರಲ್ ಡೀಸೆಲ್ ಎಂಜಿನ್ ಆಯಿಲ್ ಸಾಕು. ಮೇಲಿಂದ ಸುರಿಯುವ ಪೌಡರ್, ಮೊಲಿ, "ಎಂಜಿನ್ ಟ್ರೀಟ್‌ಮೆಂಟ್" ಡಬ್ಬಿ ಯಾವುದೂ ಬೇಡ. ಜಾರಿಸುವುದೇ ಅವುಗಳ ಕೆಲಸ, ನಮಗೆ ಬೇಕಾದದ್ದು ಉಜ್ಜುವುದು. ಮೊದಲ ಆಯಿಲನ್ನು ಇಪ್ಪತ್ತು ಇಪ್ಪತ್ತೈದು ಗಂಟೆಗೆ, ಗಾಡಿ ಬಿಸಿಯಿರುವಾಗಲೇ ಇಳಿಸಿ, ಫಿಲ್ಟರ್ ಜೊತೆಗೇ ಬದಲಿಸಿ. ಐವತ್ತು ಗಂಟೆಗೆ ಇನ್ನೊಮ್ಮೆ ಬದಲಿಸಿ, ಆಗ ಹೆಡ್ ನಟ್ಟು, ಟ್ಯಾಪೆಟ್ಟನ್ನೂ ನೋಡಿ. ಆಮೇಲೆ ಪುಸ್ತಕದ ಲೆಕ್ಕ. ಇಳಿಸಿದ ಆಯಿಲನ್ನು ಬಿಸಿಲಿಗೆ ಹಿಡಿದರೆ ಸಣ್ಣ ಮಿನುಗು ಕಾಣುವುದು ಸಹಜ. ಹಳೆಯ ಫಿಲ್ಟರನ್ನು ಕತ್ತರಿಸಿ, ಕಾಗದ ಬಿಡಿಸಿ, ಅಯಸ್ಕಾಂತ ಆಡಿಸಿ. ಅಂಟುವ ಸಣ್ಣ ಪುಡಿ ರಿಂಗು ಮತ್ತು ಲೈನರಿನದು, ಅದು ಬರಲೇಬೇಕು. ಅಯಸ್ಕಾಂತಕ್ಕೆ ಅಂಟದ ಹೊಳೆಯುವ ಚಕ್ಕೆ, ತಾಮ್ರದ ಬಣ್ಣದ ಚೂರು ಕಂಡರೆ ಅದು ಹೆಚ್ಚಾಗಿ ಬೇರಿಂಗಿನದು. ಗಾಡಿ ಮತ್ತೆ ಸ್ಟಾರ್ಟ್ ಮಾಡದೆ ಸಂಪ್ ಇಳಿಸಿ ನೋಡಬೇಕು.

ರಿಂಗ್ ಕೂತಿತೋ ಇಲ್ಲವೋ ಎಂದು ತಿಳಿಯಲು ಡಿಪ್ ಸ್ಟಿಕ್ ಮತ್ತು ಒಂದು ನೋಟ್ ಪುಸ್ತಕ ಸಾಕು. ಪ್ರತಿದಿನ ಬೆಳಿಗ್ಗೆ, ಸಮತಟ್ಟಾದ ಜಾಗದಲ್ಲಿ, ಸ್ಟಾರ್ಟ್ ಮಾಡುವ ಮೊದಲು ಮಟ್ಟ ನೋಡಿ ಬರೆದಿಡಿ. ಮೊದಲ ದಿನಗಳಲ್ಲಿ ಆಯಿಲ್ ಕೊಂಚ ಇಳಿಯುತ್ತದೆ. ಇಳಿಯುವುದು ದಿನದಿಂದ ದಿನಕ್ಕೆ ಕಡಿಮೆಯಾಗುತ್ತ ಹೋದರೆ ರಿಂಗ್ ಕೂರುತ್ತಿದೆ. ಮಟ್ಟ ಏರಿದರೆ ಇನ್ನೂ ಕೆಟ್ಟದ್ದು, ಸಂಪಿಗೆ ಡೀಸೆಲ್ಲೋ ನೀರೋ ಸೇರುತ್ತಿದೆ. ಬ್ಯಾಕ್ ಕಂಪ್ರೆಷನ್ (ರಿಂಗ್ ದಾಟಿ ಕೆಳಗೆ ಸೋರುವ ಗ್ಯಾಸ್) ನೋಡಲು ಬಿಸಿ ಎಂಜಿನ್‌ನ ಆಯಿಲ್ ಹಾಕುವ ಮುಚ್ಚಳವನ್ನು ತಲೆಕೆಳಗಾಗಿ ಬಾಯಿಯ ಮೇಲೆ ಸುಮ್ಮನೆ ಇಡಿ. ಸ್ವಲ್ಪ ನಡುಗಿದರೆ ಚಿಂತೆಯಿಲ್ಲ, ಕುಣಿದು ಕೆಳಗೆ ಬಿದ್ದರೆ ಗ್ಯಾಸ್ ರಿಂಗ್ ದಾಟಿ ಕೆಳಗಿಳಿಯುತ್ತಿದೆ. ಮೊದಲ ಗಂಟೆ ಕುಣಿದ ಮುಚ್ಚಳ ಹತ್ತನೆಯ ಗಂಟೆಗೆ ಸುಮ್ಮನೆ ಕೂರಬೇಕು. ಹೊಗೆಯಲ್ಲಿ ನೀಲಿ ಎಂದರೆ ಆಯಿಲ್. ಕಪ್ಪಾದರೆ ಲೋಡ್ ಹೆಚ್ಚು ಅಥವಾ ಗಾಳಿ ಕಡಿಮೆ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಪಂಪ್ ಟೈಮಿಂಗ್ ನೋಡಿಸಿ. ಜೊತೆಗೆ ರೇಡಿಯೇಟರ್ ನೀರೂ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್. ಎಳೆತ ಸಾಲದು ಎಂದು ಪಂಪಿನಲ್ಲಿ ಡೀಸೆಲ್ ಜಾಸ್ತಿ ಮಾಡಿಸುವುದು ಐವತ್ತು ಗಂಟೆಯೊಳಗೆ ಬೇಡವೇ ಬೇಡ. ರಿಂಗ್ ಕೂತ ಮೇಲೆ ಎಳೆತ ತಾನಾಗಿ ಬರುತ್ತದೆ.

ಈಗಾಗಲೇ ಮೂರು ನಾಲ್ಕು ದಿನ ಅಂಗಳದಲ್ಲಿ ಬಿಟ್ಟವರು ಕೂಡಲೇ ಕೈಚೆಲ್ಲಬೇಕಿಲ್ಲ. ಆಯಿಲ್ ಬದಲಿಸಿ, ಎಂಜಿನ್ ಪೂರ್ತಿ ಬಿಸಿ ಮಾಡಿ, ಮೇಲೆ ಹೇಳಿದ ಕ್ರಮದಲ್ಲೇ ಐದಾರು ಗಂಟೆ ಗಟ್ಟಿಯಾಗಿ ದುಡಿಸಿ ನೋಡಿ. ಗ್ಲೇಜ್ ತೆಳುವಾಗಿದ್ದರೆ ರಿಂಗ್ ಕೂತರೂ ಕೂತೀತು. ಇಪ್ಪತ್ತು ಗಂಟೆ ದುಡಿದರೂ ನೀಲಿ ಹೊಗೆ ಹಾಗೇ ಇದ್ದರೆ ಹೆಡ್ ಬಿಚ್ಚಿ, ಮತ್ತೆ ಹೋನಿಂಗ್ ಮಾಡಿಸಿ, ಹೊಸ ರಿಂಗ್ ಹಾಕಬೇಕು. ಅಳತೆಯಲ್ಲಿದ್ದರೆ ಲೈನರ್, ಪಿಸ್ಟನ್ ಅವೇ ಸಾಕು. ಏರ್ ಕ್ಲೀನರ್ ಬಾಯಿಗೆ ಪಾತ್ರೆ ತಿಕ್ಕುವ ಪುಡಿ ಬಿಟ್ಟರೆ ಗ್ಲೇಜ್ ಹೋಗುತ್ತದೆ ಎಂದು ಯಾರಾದರೂ ಹೇಳಿದರೆ ಅವರ ಕೈಗೆ ಗಾಡಿ ಕೊಡಬೇಡಿ.

ಗ್ಯಾರೇಜಿನವರಲ್ಲಿ ಒಂದು ಕೋರಿಕೆ. ಗಾಡಿ ಕೊಡುವಾಗ ಬಿಲ್ಲಿನ ಹಿಂದೆಯಾದರೂ ಸರಿ, ನಾಲ್ಕು ಸಾಲು ಬರೆದುಕೊಡಿ: ಬೋರ್ ಸೈಜು, ಬೇರಿಂಗ್ ಸೈಜು, ರಿಂಗ್ ಸಂದಿ, ಹೆಡ್ ಟಾರ್ಕ್, ಟ್ಯಾಪೆಟ್ ಅಳತೆ, ಮತ್ತೆ ಯಾವಾಗ ಬರಬೇಕು. ಮುಂದಿನ ಸಲ ಎಂಜಿನ್ ಬಿಚ್ಚುವವನು ನೀವೇ ಆಗಿರಲಿ ಬೇರೆಯವನಾಗಿರಲಿ, ಆ ಚೀಟಿ ಇದ್ದರೆ ಅಂದಾಜಿನ ಮೇಲೆ ಸಾಮಾನು ತರುವುದು ತಪ್ಪುತ್ತದೆ. ರೈತರಿಗೂ ಒಂದು ಮಾತು: ಏಪ್ರಿಲ್‌ನಲ್ಲಿ ಎಂಜಿನ್ ಕೆಲಸ ಮುಗಿಸಿ ಜೂನ್‌ವರೆಗೆ ಶೆಡ್ಡಿನಲ್ಲಿ ನಿಲ್ಲಿಸಬೇಡಿ, ಹೊಸ ಲೈನರಿಗೆ ತುಕ್ಕು ಹಿಡಿಯಲು ಅಷ್ಟು ದಿನ ಸಾಕು. ದುಡಿಯುವ ಕೆಲಸ ಕೈಯಲ್ಲಿದ್ದಾಗಲೇ ಎಂಜಿನ್ ಬಿಚ್ಚಿಸಿ.

ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರ, ಹಿರಿಯೂರು ಬಬ್ಬೂರು ಫಾರಂನ ಕೇಂದ್ರ ಇವು ಮುಂಗಾರಿಗೆ ಮುಂಚೆ ಒಂದು ದಿನ ಮೆಕ್ಯಾನಿಕ್‌ಗಳನ್ನೂ ಟ್ರ್ಯಾಕ್ಟರ್ ಮಾಲೀಕರನ್ನೂ ಒಟ್ಟಿಗೆ ಕೂರಿಸಿ ಇಷ್ಟನ್ನು ಕೈಯಾರೆ ಮಾಡಿ ತೋರಿಸಿದರೆ ಉಪಕಾರವಾಗುತ್ತದೆ. ಹೋಬಳಿಗಳ ಕೃಷಿ ಯಂತ್ರಧಾರೆ ಕೇಂದ್ರಗಳಲ್ಲಿ ರೋಟವೇಟರ್, ಕಲ್ಟಿವೇಟರ್ ಬಾಡಿಗೆಗೆ ಸಿಗುತ್ತವೆ. ಅವುಗಳ ಪಕ್ಕದಲ್ಲಿ ಒಂದು ಟಾರ್ಕ್ ರೆಂಚ್, ಒಂದು ಫೀಲರ್ ಗೇಜ್, ಒಂದು ಆಯಿಲ್ ಪ್ರೆಷರ್ ಗೇಜ್ ಇಟ್ಟು ದಿನದ ಬಾಡಿಗೆಗೆ ಕೊಡುವ ಏರ್ಪಾಡು ಮಾಡಲಿ. ಹಳ್ಳಿಯ ಸಣ್ಣ ಗ್ಯಾರೇಜುಗಳಲ್ಲಿ ಎಷ್ಟೋ ಕಡೆ ಇಲ್ಲದಿರುವುದು ಈ ಮೂರೇ.

ಇಂತಿ,
ಟ್ರ್ಯಾಕ್ಟರ್ ಮೆಕ್ಯಾನಿಕ್ ಒಬ್ಬರು
ಚಿತ್ರದುರ್ಗ